ನಾಲ್ಕು ಜನರ ಕೆಲಸ ಇಬ್ಬರಿಗೆ ಬಂತು: ನಮ್ಮ ದೋಣಿ ಟ್ರೈಲರ್ ತಿದ್ದಿದ ದಿನಚರಿ

2024 ನವೆಂಬರ್ 17, ಭಾನುವಾರ

ಇವತ್ತು ದೋಣಿ ಮೇಲೆ ತರುವಾಗ ಅಪ್ಪಯ್ಯ ಪಾಚಿಯ ಮೇಲೆ ಕಾಲು ಜಾರಿ ಬಿದ್ದರು. ಎಡ ಮೊಣಕಾಲಿಗೆ ಪೆಟ್ಟು. ಮೂಳೆಗೆ ಏನೂ ಆಗಿಲ್ಲ, ಆದರೆ ಮನೆಗೆ ಬರುವಷ್ಟರಲ್ಲಿ ಚೆನ್ನಾಗಿ ಊದಿತ್ತು. ಅವರಿಗೀಗ 71 ವರ್ಷ. ವಯಸ್ಸಿನಲ್ಲಿ ಪಾತಿ ದೋಣಿಯಲ್ಲಿ ಒಬ್ಬರೇ ಹೊಳೆ ಸುತ್ತಿದವರು. ಈಗಲೂ ವಾರಕ್ಕೊಮ್ಮೆ ಗಾಳ ಹಾಕದೆ ಇದ್ದರೆ ಅವರಿಗೆ ಸಮಾಧಾನ ಇಲ್ಲ.

ನಮ್ಮದು ಕುಂದಾಪುರದ ಹತ್ತಿರ, ಪಂಚಗಂಗಾವಳಿ ಹೊಳೆಯಿಂದ 2 ಕಿಲೋಮೀಟರ್ ಒಳಗೆ. ದೋಣಿ ಫೈಬರಿನದು. 16 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಇಂಜಿನ್, ಪೆಟ್ರೋಲ್ ಟ್ಯಾಂಕ್, ಲಂಗರು, ಬಲೆ ಎಲ್ಲಾ ಸೇರಿ 380 ಕೆಜಿ. ಹೊಳೆಯಲ್ಲೇ ಕಟ್ಟಿಟ್ಟರೆ ಅಡಿಗೆ ಚಿಪ್ಪು ಕಟ್ಟುತ್ತದೆ, ಇಂಜಿನ್ ಕದ್ದು ಹೋಗುವ ಹೆದರಿಕೆ ಬೇರೆ. ಹಾಗಾಗಿ ಪ್ರತಿ ಸಲ ಹಳೆ ಬೊಲೆರೊಗೆ ಟ್ರೈಲರ್ ಸಿಕ್ಕಿಸಿ ಕಡವಿಗೆ, ಅಂದರೆ ದೋಣಿ ಇಳಿಸುವ ಜಾಗಕ್ಕೆ ಒಯ್ಯುವುದು, ಸಂಜೆ ವಾಪಸ್ ತರುವುದು.

ಆ ಟ್ರೈಲರನ್ನು 2021ರಲ್ಲಿ ಒಂದು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು. ಸಾಮಾನು ಸಾಗಿಸುವ ಟ್ರೈಲರಿನ ಹಾಗೆ ಎತ್ತರದ ಫ್ರೇಮ್, ಅದರ ಮೇಲೆ ಅಡ್ಡಡ್ಡ ಮೂರು ಮರದ ತೊಲೆ, ತೊಲೆಯ ಮೇಲೆ ದೋಣಿ. ಉರುಳೆ ಇಲ್ಲ, ಹಗ್ಗ ಸುತ್ತಿ ಎಳೆಯುವ ವಿಂಚ್ ಇಲ್ಲ. ಇಳಿಸುವಾಗ ಇಬ್ಬರು ಎತ್ತಿ ನೂಕಬೇಕು. ಹತ್ತಿಸುವಾಗ ನಾಲ್ಕು ಜನ ಬೇಕೇ ಬೇಕು. ಇಬ್ಬರು ಹಗ್ಗ ಎಳೆಯಲು, ಇಬ್ಬರು ಹಿಂದಿನಿಂದ ಎತ್ತಲು. ಇವತ್ತು ಹಿಂದಿನಿಂದ ಎತ್ತುತ್ತಿದ್ದವರು ಅಪ್ಪಯ್ಯ. ಅವರನ್ನು ಅಲ್ಲಿ ನಿಲ್ಲಿಸಿದ್ದು ನನ್ನದೇ ತಪ್ಪು.

ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಅವರೇ ಅಂದರು, "ಎಳುದೆಂತಕೆ ಮಗಾ? ನಾಲ್ಕ್ ಉರುಳಿ ಹಾಕ್, ಕಾಂಬ." ಅವರ ಕಾಲದಲ್ಲಿ ದೋಣಿಯ ಅಡಿಗೆ ಮರದ ತುಂಡು ಕೊಟ್ಟು ಉರುಳಿಸಿಯೇ ದಡಕ್ಕೆ ತರುತ್ತಿದ್ದರು. ಟ್ರೈಲರ್ ತಿದ್ದುವ ಕೆಲಸ ಅಲ್ಲಿಂದ ಶುರುವಾಯಿತು.

ನವೆಂಬರ್ 24: ಮೊದಲು ಅಳತೆ

ಕಬ್ಬಿಣ ತರುವ ಮೊದಲು ಟೇಪ್, ಟ್ಯೂಬ್ ಲೆವೆಲ್, ಒಂದು ತೂಕದ ಯಂತ್ರ ಹಿಡಿದು ಕೂತೆ. ಈ ಒಂದು ದಿನ ನನಗೆ ಎಷ್ಟೋ ಖರ್ಚು ಉಳಿಸಿತು.

ಕಡವಿನ ಕಾಂಕ್ರೀಟ್ ಇಳಿಜಾರು 8 ಅಡಿ ಉದ್ದಕ್ಕೆ 1 ಅಡಿ ಇಳಿಯುತ್ತದೆ. ಟ್ರೈಲರ್ ಮೇಲೆ ಕೂತ ದೋಣಿಯ ಅಡಿಯ ಏಣು ನೆಲದಿಂದ 24 ಇಂಚು ಎತ್ತರ. ದೋಣಿ ತೇಲಲು 8 ಇಂಚು ನೀರು ಬೇಕು. ಅಂದರೆ ದೋಣಿ ತಾನಾಗಿ ತೇಲಿ ಬಿಡಬೇಕಾದರೆ ಟ್ರೈಲರಿನ ಚಕ್ರದ ಹತ್ತಿರ 32 ಇಂಚು ನೀರಿರಬೇಕು. ಈ ಇಳಿಜಾರಿನಲ್ಲಿ ಅಷ್ಟು ಆಳ ಸಿಗುವುದು ನೀರಿನ ಅಂಚಿನಿಂದ 21 ಅಡಿ ಒಳಗೆ.

ಟ್ರೈಲರಿನ ಆಕ್ಸಲಿನಿಂದ ಕೊಂಡಿಗೆ 11 ಅಡಿ. ಕೊಂಡಿಯಿಂದ ಬೊಲೆರೊದ ಹಿಂದಿನ ಚಕ್ರಕ್ಕೆ 3 ಅಡಿ. ಒಟ್ಟು 14. ಹಾಗಾದರೆ ಬೊಲೆರೊದ ಹಿಂದಿನ ಚಕ್ರ 7 ಅಡಿ ನೀರೊಳಗೆ, ಅದೂ ಪಾಚಿಯ ಮೇಲೆ. ಗಾಡಿ ಎಳೆಯುವುದು ಹಿಂದಿನ ಚಕ್ರದಿಂದಲೇ. ಪಾಚಿಯ ಮೇಲೆ ಅದು ಸುಮ್ನೆ ತಿರುಗುತ್ತದೆ, ಗಾಡಿ ಮುಂದೆ ಬರುವುದಿಲ್ಲ. ಅದಕ್ಕೇ ನಾವು ಅಷ್ಟು ಒಳಗೆ ಹೋಗದೆ, ಅರ್ಧ ನೀರಿನಲ್ಲಿ ನಿಲ್ಲಿಸಿ ಕೈಯಿಂದ ಎತ್ತುತ್ತಿದ್ದೆವು.

ಪಾಚಿ ಶುರುವಾಗುವ ಗೆರೆಯನ್ನೂ ಗುರುತು ಮಾಡಿಕೊಂಡೆ. ದಿನದಿನವೂ ಭರತದ (ಉಬ್ಬರದ) ನೀರು ಮುಟ್ಟುವ ಜಾಗ ಅದು. ಆ ಗೆರೆಗಿಂತ ಮೇಲೆ ಕಾಂಕ್ರೀಟ್ ಒಣಗಿದೆ, ಹಿಡಿತ ಇದೆ. ಇಡೀ ಕೆಲಸಕ್ಕೆ ಒಂದೇ ಗುರಿ ಇಟ್ಟುಕೊಂಡೆ: ಬೊಲೆರೊದ ಚಕ್ರ ಆ ಗೆರೆ ದಾಟಬಾರದು, ಮನುಷ್ಯರು ಯಾರೂ ದೋಣಿ ಎತ್ತಬಾರದು.

ಇನ್ನೊಂದು ಅಳತೆ ಕೊಂಡಿಯ ಮೇಲೆ ಬೀಳುವ ಭಾರ. ದೋಣಿ ಸಮೇತ ಟ್ರೈಲರಿನ ಮೂತಿಯನ್ನು ಮನೆಯ ತೂಕದ ಯಂತ್ರದ ಮೇಲಿಟ್ಟೆ. 18 ಕೆಜಿ. ಟ್ರೈಲರ್ 180, ದೋಣಿ 380, ಒಟ್ಟು 560 ಕೆಜಿಗೆ ಇದು ತೀರಾ ಕಡಿಮೆ. ಒಟ್ಟು ಭಾರದ 7ರಿಂದ 10 ಪರ್ಸೆಂಟ್ ಮುಂದೆ ಬೀಳಬೇಕು. 40 ಕಿಲೋಮೀಟರ್ ವೇಗ ದಾಟಿದರೆ ಟ್ರೈಲರ್ ಹಾವಿನ ಹಾಗೆ ಓಲಾಡುತ್ತಿದ್ದುದು ಯಾಕೆ ಅಂತ ಆಗ ಗೊತ್ತಾಯಿತು. ಕೈಯಿಂದ ಎಳೆದು ಎಳೆದು ಸಾಕಾಗಿ ದೋಣಿಯನ್ನು ಪೂರ್ತಿ ಮುಂದೆ ತರದೆ ಹಾಗೇ ಕಟ್ಟಿಬಿಡುತ್ತಿದ್ದೆವು.

ಡಿಸೆಂಬರ್ 1: ಟ್ರೈಲರ್ 7 ಇಂಚು ಕೆಳಗೆ

ಫ್ರೇಮ್ ಎತ್ತರ ಇದ್ದದ್ದಕ್ಕೆ ಕಾರಣ, ಸ್ಪ್ರಿಂಗ್ ಪ್ಲೇಟು ಆಕ್ಸಲಿನ ಮೇಲೆ ಕೂತಿತ್ತು. ಅದನ್ನು ಬಿಚ್ಚಿ ಆಕ್ಸಲಿನ ಅಡಿಗೆ ತಂದೆವು. ಯು-ಬೋಲ್ಟ್ ಬಿಚ್ಚಲು ಒಂದು ರಾತ್ರಿ ಎಣ್ಣೆ ಬಿಟ್ಟು ಕಾಯಬೇಕಾಯಿತು. ಆದರೂ ಎರಡು ತುಂಡಾದವು. ಇದರಿಂದ 4 ಇಂಚು ಇಳಿಯಿತು. ಮೂರು ಮರದ ತೊಲೆ ತೆಗೆದು, ಅದೇ ಜಾಗಕ್ಕೆ ನಡುವೆ ತಗ್ಗಿರುವ ಅಡ್ಡ ಪೈಪ್ ಹಾಕಿಸಿದೆ. 50 ಎಂಎಂ ಚೌಕದ ಪೈಪನ್ನು ನಡುವೆ ಕತ್ತರಿಸಿ ಓರೆಯಾಗಿ ಸೇರಿಸಿದ್ದು. ಅದರಿಂದ ಇನ್ನೂ 3 ಇಂಚು. ಏಣಿನ ಎತ್ತರ 24ರಿಂದ 17ಕ್ಕೆ ಬಂತು.

ತಪ್ಪು: ಮಡ್‌ಗಾರ್ಡ್ ನೆನಪೇ ಆಗಲಿಲ್ಲ. ಫ್ರೇಮ್ ಕೆಳಗೆ ಬಂದಾಗ ಅದರ ಜೊತೆ ಮಡ್‌ಗಾರ್ಡೂ ಕೆಳಗೆ ಬಂತು. ಮನೆ ಗೇಟಿನ ಉಬ್ಬು ದಾಟುವಾಗಲೇ ಟಯರಿಗೆ ಉಜ್ಜಿ ರಬ್ಬರ್ ವಾಸನೆ. ಮಾರನೇ ದಿನ ಅದನ್ನು ಕತ್ತರಿಸಿ 3 ಇಂಚು ಮೇಲೆ ವೆಲ್ಡ್ ಮಾಡಿಸಿದೆ. ಸ್ಪ್ರಿಂಗ್ ಜಾಗ ಬದಲಿಸುವವರು ಮೊದಲೇ ಭಾರ ಹಾಕಿ ನೋಡಿಕೊಳ್ಳಿ.

ಡಿಸೆಂಬರ್ 8: ಉರುಳೆ, ಮೊದಲ ಸಲ ಹಾಳು

ದುಡ್ಡು ಉಳಿಸಲು ಹೋಗಿ 3 ಇಂಚಿನ ಪಿವಿಸಿ ಪೈಪನ್ನು 6 ಇಂಚಿನ ತುಂಡು ಮಾಡಿ, ಎರಡೂ ಬದಿಗೆ ಮರದ ಬಿರಡೆ ಹಾಕಿ, ನಡುವೆ ರಾಡ್ ತೂರಿಸಿ ನಾಲ್ಕು ಉರುಳೆ ಮಾಡಿದೆ. 400 ರೂಪಾಯಿ ಆಯಿತು. ನೋಡಲು ಚೆನ್ನಾಗಿಯೇ ಇದ್ದವು. ದೋಣಿಯನ್ನು ಮನೆ ಅಂಗಳದಲ್ಲೇ ಅದರ ಮೇಲೆ ಎಳೆದಾಗ ಹಿಂದಿನ ಉರುಳೆ ಪಟಾರ್ ಅಂತ ಒಡೆಯಿತು. ದೋಣಿ ಟ್ರೈಲರಿಗೆ ಹತ್ತುವ ಹೊತ್ತಿಗೆ ಮೂತಿಯ ಭಾರವೆಲ್ಲಾ ಒಂದೇ ಉರುಳೆಯ ಮೇಲೆ, ಅದೂ ಒಂದು ಇಂಚು ಅಗಲದ ಏಣಿನ ಅಡಿ. ಪೈಪಿಗೆ ಅದನ್ನು ತಡೆಯುವ ಶಕ್ತಿ ಇಲ್ಲ.

ಆಮೇಲೆ ಲೇತ್ ಅಂಗಡಿಗೆ ಹೋದೆ. 80 ಎಂಎಂ ದಪ್ಪದ ನೈಲಾನ್ ರಾಡ್ ತರಿಸಿ, 150 ಎಂಎಂ ಉದ್ದದ ನಾಲ್ಕು ಉರುಳೆ ಕಡೆಸಿದೆ. ನಡುವೆ ಏಣು ಕೂರಲು ಸ್ವಲ್ಪ ತಗ್ಗು, ಹಳೆ ಡಮರುಗದ ಆಕಾರ. ಒಳಗೆ 16 ಎಂಎಂ ಸ್ಟೇನ್‌ಲೆಸ್ ರಾಡ್. ನೈಲಾನಿಗೆ 1,400, ಲೇತ್ ಕೆಲಸಕ್ಕೆ 800.

ಇಲ್ಲೂ ಒಂದು ತಪ್ಪು. ತೂತನ್ನು ಬಿಗಿಯಾಗಿರಲಿ ಅಂತ 16.5 ಎಂಎಂ ಮಾಡಿಸಿದ್ದೆ. ಅಂಗಳದಲ್ಲಿ ಬೆಣ್ಣೆಯ ಹಾಗೆ ತಿರುಗಿದವು. ಒಂದು ವಾರ ಹೊಳೆಗೆ ಹೋಗಿ ಬಂದ ಮೇಲೆ ಎರಡು ಉರುಳೆ ಕಚ್ಚಿ ನಿಂತವು. ನೈಲಾನ್ ನೀರು ಕುಡಿದು ಉಬ್ಬುತ್ತದೆ. ಬಿಚ್ಚಿ ಒಯ್ದು 18 ಎಂಎಂಗೆ ಕೊರೆಸಿದೆ, ಮತ್ತೆ 200 ರೂಪಾಯಿ. ಈಗ ಕೈಯಲ್ಲಿ ಅಲ್ಲಾಡಿಸಿದರೆ ಲಟಲಟ ಅನ್ನುತ್ತವೆ, ಆದರೆ ತಿರುಗುವುದು ನಿಂತಿಲ್ಲ. ನೀರಿಗೆ ಹೋಗುವ ಉರುಳೆ ಸಡಿಲವಾಗಿಯೇ ಇರಬೇಕು.

ಉರುಳೆಗಳನ್ನು ಒಂದೇ ಸಾಲಿಗೆ ತರುವುದು ಮೂರು ಗಂಟೆಯ ಕೆಲಸ ಆಯಿತು. ಮುಂದಿನ ಉರುಳೆಯಿಂದ ಹಿಂದಿನ ಉರುಳೆಗೆ ಗಾರೆ ಕೆಲಸದವರ ದಾರ ಬಿಗಿದು ಕಟ್ಟಿದೆ. ನಡುವಿನ ಎರಡೂ ಆ ದಾರಕ್ಕೆ ಸರಿಯಾಗಿ ಮುಟ್ಟಬೇಕು. ಒಂದು ಉರುಳೆ 6 ಎಂಎಂ ಎತ್ತರ ಇತ್ತು. ಅಷ್ಟೇ ಸಾಕು, ಪೂರ್ತಿ ಭಾರ ಅದೊಂದರ ಮೇಲೇ ಕೂರುತ್ತದೆ. ಅದಕ್ಕೇ ಉರುಳೆ ಹಿಡಿಯುವ ಪಟ್ಟಿಯ ತೂತುಗಳನ್ನು ಉದ್ದಕ್ಕೆ ಸೀಳಿಸಿ, ಮೇಲೆ ಕೆಳಗೆ ಸರಿಸುವ ಹಾಗೆ ಮಾಡಿದೆ. ಕೊನೆಯ ಉರುಳೆ ಫ್ರೇಮಿನ ತುತ್ತತುದಿಯಲ್ಲೇ ಇದೆ. ದೋಣಿಯ ಮೂತಿಗೆ ಮೊದಲು ಸಿಗಬೇಕಾದ್ದು ಉರುಳೆ, ಕಬ್ಬಿಣ ಅಲ್ಲ.

ಡಿಸೆಂಬರ್ 15: ಪಕ್ಕದ ಹಲಗೆ

ಉರುಳೆಗಳ ಮೇಲೆ ಮಾತ್ರ ದೋಣಿ ನಿಲ್ಲುವುದಿಲ್ಲ, ಪಕ್ಕಕ್ಕೆ ವಾಲುತ್ತದೆ. ಎರಡೂ ಬದಿಗೆ ಉದ್ದುದ್ದ ಹಲಗೆ ಬೇಕು. ಹೆಬ್ಬಲಸಿನ 4 ಇಂಚು ಅಗಲ, 2 ಇಂಚು ದಪ್ಪದ ಹಲಗೆ, 7 ಅಡಿ ಉದ್ದ, ಎರಡು. 2,400 ರೂಪಾಯಿ. ನಮ್ಮಲ್ಲಿ ದೋಣಿ ಕಟ್ಟಲು ಬಳಸುವ ಮರ ಇದು, ನೀರಿಗೆ ಬೇಗ ಕೊಳೆಯುವುದಿಲ್ಲ. ಹಲಗೆಯ ಹಿಂದಿನ ತುದಿ ದೋಣಿಯ ಇಂಜಿನ್ ಹಲಗೆಯ ನೇರ ಅಡಿಗೆ ಬರುವ ಹಾಗೆ ಇಟ್ಟೆ. ದೋಣಿಯ ಹಿಂಭಾಗ ಆಧಾರ ಇಲ್ಲದೆ ಹೊರಗೆ ಚಾಚಿದ್ದರೆ ಇಂಜಿನ್ ಭಾರಕ್ಕೆ ಕಾಲಕ್ರಮೇಣ ಅಡಿ ಬಾಗುತ್ತದೆ.

ಹಲಗೆಯ ಮೇಲೆ ತೆಂಗಿನ ನಾರಿನ ಚಾಪೆ ಹೊದಿಸಿದೆ. 500 ರೂಪಾಯಿ, ಪೂರ್ತಿ ದಂಡ. ಒಂದೇ ಸಲಕ್ಕೆ ಉಪ್ಪುನೀರು ಕುಡಿದು ಭಾರವಾಯಿತು. ಮರಳು ಅದರೊಳಗೆ ಸಿಕ್ಕಿಕೊಂಡು ಉಪ್ಪುಕಾಗದದ ಹಾಗಾಯಿತು. ದೋಣಿಯ ಹೊಳಪಿನ ಮೇಲೆ ಎರಡು ಅಡಿ ಉದ್ದದ ಗೀರು. ಕಿತ್ತು ತೆಂಗಿನ ಬುಡಕ್ಕೆ ಹಾಕಿದೆ.

ಡಿಸೆಂಬರ್ 22: ವಿಂಚ್

ಕೈಯಿಂದ ತಿರುಗಿಸುವ ವಿಂಚ್, 540 ಕೆಜಿ ಎಳೆಯುವಂಥದ್ದು, 4,500 ರೂಪಾಯಿ. ಮೂಕಿಯ ಮೇಲೆ ಒಂದು ಕಂಬ ನಿಲ್ಲಿಸಿ ಅದಕ್ಕೆ ಕೂರಿಸಿದ್ದು. ಟ್ರೈಲರಿನ ಮುಂದಿನ ಉದ್ದ ಪೈಪನ್ನು ನಾವು ಎತ್ತಿನ ಗಾಡಿಯ ಹಾಗೆ ಮೂಕಿ ಅಂತಲೇ ಕರೆಯುತ್ತೇವೆ.

ಮೊದಲು ಕಂಬ ಗಿಡ್ಡ ಆಯಿತು. ವಿಂಚ್ ದೋಣಿಯ ಮೂತಿಯ ಬಳೆಗಿಂತ 7 ಇಂಚು ಕೆಳಗಿತ್ತು. ತಿರುಗಿಸಿದರೆ ದೋಣಿ ಮುಂದೆ ಬರುವ ಬದಲು ಮೂತಿ ಕೆಳಗೆ ಒತ್ತುತ್ತಿತ್ತು. ಕಂಬ ಎತ್ತರಿಸಿ, ಬೆಲ್ಟು ಬಳೆಗೆ ನೇರವಾಗಿ, ಕೂದಲೆಳೆ ಮೇಲಿಂದ ಬರುವ ಹಾಗೆ ಮಾಡಿದ ಮೇಲೆ ಒಂದೇ ಕೈಯಲ್ಲಿ ತಿರುಗಿತು. ಬಳೆಯನ್ನೂ ಬದಲಿಸಿದೆ. ಹಳೆಯದು ಸ್ಕ್ರೂ ಹಾಕಿದ್ದು, ಎರಡನೇ ಎಳೆತಕ್ಕೇ ಸ್ಕ್ರೂ ಸಡಿಲ. ಈಗ ಇರುವುದು 12 ಎಂಎಂ ಸ್ಟೇನ್‌ಲೆಸ್ ಯು-ಬೋಲ್ಟ್, ಒಳಗಿಂದ ಅಂಗೈ ಅಗಲದ ಪ್ಲೇಟ್ ಕೊಟ್ಟು ಬಿಗಿದದ್ದು. ವಿಂಚಿನ ಜೊತೆ ಬಂದ ಸ್ಟೀಲ್ ವೈರ್ ತೆಗೆದು 2 ಇಂಚು ಅಗಲದ ಪಾಲಿಯೆಸ್ಟರ್ ಬೆಲ್ಟ್ ಸುತ್ತಿದೆ, 650 ರೂಪಾಯಿ. ವೈರಿನ ಎಳೆ ಬಿಟ್ಟರೆ ಅಂಗೈ ಸೀಳುತ್ತದೆ.

ಕಂಬದಲ್ಲೇ ಮೂತಿ ತಾಗಿ ನಿಲ್ಲಲು ರಬ್ಬರ್ ಕಟ್ಟೆಯನ್ನೂ ಕೂರಿಸಿದೆ. ಈಗ ದೋಣಿ ಪ್ರತಿ ಸಲ ಒಂದೇ ಜಾಗದಲ್ಲಿ, ಮೊದಲಿಗಿಂತ 9 ಇಂಚು ಮುಂದೆ ಬಂದು ಕೂರುತ್ತದೆ. ಮತ್ತೆ ಮೂತಿ ತೂಗಿದೆ. 44 ಕೆಜಿ. ಓಲಾಟ ಪೂರ್ತಿ ಹೋಯಿತು. ಇದಕ್ಕೆ ಬೇರೆ ಏನೂ ಮಾಡಬೇಕಾಗಲಿಲ್ಲ.

ಡಿಸೆಂಬರ್ 29: ಜಾರಿದ ದೋಣಿ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಈ ಪುಟಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ನಾರಿನ ಚಾಪೆ ಹೋದ ಮೇಲೆ ಹಲಗೆಗೆ 10 ಎಂಎಂ ದಪ್ಪದ ಎಚ್‌ಡಿಪಿಇ ಪ್ಲಾಸ್ಟಿಕ್ ಪಟ್ಟಿ ಹೊಡೆಸಿದ್ದೆ. 1,600 ರೂಪಾಯಿ. ಸ್ಕ್ರೂ ತಲೆಗಳನ್ನು ಒಳಗೆ ತಗ್ಗಿಸಿದ್ದು. ಬಹಳ ನುಣುಪು, ಮರಳು ಹಿಡಿಯುವುದಿಲ್ಲ, ನೀರು ಕುಡಿಯುವುದಿಲ್ಲ. ಕಡವಿಗೆ ಹೋದೆವು. ನಾನು ಹಿಂದಿನ ಅಭ್ಯಾಸದ ಹಾಗೆ, ಇಳಿಜಾರಿನ ಮೇಲೆ ಗಾಡಿ ತಿರುಗಿಸಿ ನಿಲ್ಲಿಸಿ, ಹಿಂದಿನ ಕಟ್ಟು ಬಿಚ್ಚಿ, ವಿಂಚಿನ ಕೊಕ್ಕೆಯನ್ನೂ ಬಿಚ್ಚಿದೆ. ಮೊದಲೆಲ್ಲಾ ದೋಣಿಯನ್ನು ನೂಕಿದರೂ ಅಲ್ಲಾಡುತ್ತಿರಲಿಲ್ಲ, ಅಲ್ವಾ? ಆ ನೆನಪಿನಲ್ಲೇ ಕೈ ಓಡಿತು.

ಕೊಕ್ಕೆ ಕಳಚಿದ್ದೇ ತಡ, ದೋಣಿ ಸದ್ದೇ ಇಲ್ಲದೆ ಹೊರಟಿತು. ಮೂತಿಯ ಬಳೆ ನನ್ನ ಬೆರಳಿನಿಂದ ದೂರ ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ನಾಲ್ಕು ಬೆರಳು, ಆಮೇಲೆ ಒಂದು ಗೇಣು, ಆಮೇಲೆ ಹಿಡಿಯಲು ಆಗದಷ್ಟು. ಹಿಂದೆ ಭಾರ ಜಾಸ್ತಿಯಾಗಿ ಮೂತಿ ಮೇಲೆದ್ದಿತು. ಹಿಂದಿನ ಮೂಲೆ ಕಾಂಕ್ರೀಟಿಗೆ ಬಡಿಯಿತು. ಅಪ್ಪಯ್ಯ "ಹ್ವಾಯ್!" ಅಂತ ಕೂಗಿದ್ದಷ್ಟೇ ಕೇಳಿಸಿತು. ಒಂದು ನಿಮಿಷದ ಮೊದಲು ಅವರು ಅದೇ ಜಾಗದಲ್ಲಿ ನಿಂತು ಇಂಜಿನ್ ಎತ್ತಿ ಕಟ್ಟುತ್ತಿದ್ದರು.

ಮೂಲೆಯಲ್ಲಿ ಅಂಗೈ ಅಗಲ ಫೈಬರ್ ಬಿರುಕು. ಇಂಜಿನ್ ಎತ್ತಿ ಇದ್ದದ್ದರಿಂದ ಪಂಖ ಉಳಿಯಿತು, ಅದರ ಅಡಿಯ ರೆಕ್ಕೆ ಮಾತ್ರ ಚೂರು ಚಕ್ಕೆ ಎದ್ದಿತು. ಬಿರುಕಿನ ಸುತ್ತ ಎರಡು ಇಂಚು ಗ್ರೈಂಡ್ ಮಾಡಿ, ಮೂರು ಪದರ ಫೈಬರ್ ಮ್ಯಾಟ್ ಮತ್ತು ರೆಸಿನ್ ಹಾಕಿ ಮುಚ್ಚಲು 1,800 ರೂಪಾಯಿ, ಎರಡು ವಾರ.

ಆವತ್ತಿನಿಂದ ಮನೆಯಲ್ಲಿ ಒಂದು ಕಟ್ಟಳೆ. ದೋಣಿಯ ಹಿಂಭಾಗ ನೀರಿನಲ್ಲಿ ತೇಲುವ ತನಕ ವಿಂಚಿನ ಕೊಕ್ಕೆ ಮುಟ್ಟುವ ಹಾಗಿಲ್ಲ. ಟ್ರೈಲರಿನ ಹಿಂದೆ ಯಾರೂ ನಿಲ್ಲುವ ಹಾಗಿಲ್ಲ, ಕೊಕ್ಕೆ ಇದ್ದರೂ. ವಿಂಚ್ ಕಂಬಕ್ಕೆ ಒಂದು ಸಣ್ಣ ಸರಪಳಿಯನ್ನೂ ಹಾಕಿದ್ದೇನೆ. ಬೆಲ್ಟ್ ತುಂಡಾದರೂ ಅದು ಹಿಡಿಯುತ್ತದೆ. ಟ್ರೈಲರ್ ನುಣುಪು ಮಾಡಿದ ದಿನವೇ ಕೈಯ ಅಭ್ಯಾಸವನ್ನೂ ಬದಲಿಸಬೇಕಿತ್ತು.

2025 ಜನವರಿ 12: ಉದ್ದವಾಗುವ ಮೂಕಿ

ಏಣು 17 ಇಂಚಿಗೆ ಇಳಿದ ಮೇಲೆ, ಉರುಳೆಯ ಮೇಲೆ ಜಾರಿಸುವುದಾದರೆ ಚಕ್ರದ ಹತ್ತಿರ 17 ಇಂಚು ನೀರು ಸಾಕು. ಅಂದರೆ ನೀರಿನ ಅಂಚಿನಿಂದ 11 ಅಡಿ ಚಿಲ್ಲರೆ. ಬೊಲೆರೊಗೆ 14 ಅಡಿ ಇದೆ, ಹಾಗಾಗಿ ತುಂಬಿದ ಭರತದಲ್ಲಿ ಚಕ್ರ ಒಣಗಿಯೇ ಇರುತ್ತದೆ. ಆದರೆ ನೀರು ಸ್ವಲ್ಪ ಇಳಿದರೂ ಮತ್ತೆ ಪಾಚಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಮ್ಮ ರಜೆ ಇರುವುದು ಭಾನುವಾರ ಮಾತ್ರ. ಇನ್ನೂ ನಾಲ್ಕು ಅಡಿ ಬೇಕಿತ್ತು.

ಹಳೆ ಮೂಕಿಯ ಜಾಗಕ್ಕೆ 72 ಎಂಎಂ ಚೌಕದ ಪೈಪ್, ಅದರೊಳಗೆ ಜಾರುವ 60 ಎಂಎಂ ಚೌಕದ 5 ಎಂಎಂ ದಪ್ಪದ ಪೈಪ್, 8 ಅಡಿ ಉದ್ದ. ಒಳಗಿಟ್ಟಾಗ 7 ಅಡಿ ಒಳಗೆ, ಎಳೆದಾಗ 3 ಅಡಿ ಒಳಗೆ. ಅದಕ್ಕಿಂತ ಕಡಿಮೆ ಹಿಡಿತ ಬಿಡಬಾರದು. ದೊಡ್ಡ ಪೈಪಿನ ಒಳಗೆ ಉದ್ದಕ್ಕೂ ವೆಲ್ಡಿಂಗ್ ಏಣು ಇರುತ್ತದೆ, ಅದು ಅಡ್ಡ ಬಂತು. ಉದ್ದ ರಾಡಿಗೆ ಅರ ಕಟ್ಟಿ ಅರ್ಧ ದಿನ ಉಜ್ಜಿದೆ. ಎರಡೂ ಪೈಪ್ ದಾಟುವ ಹಾಗೆ 16 ಎಂಎಂ ಪಿನ್.

ಮೊದಲು ಒಂದೇ ಪಿನ್ ಹಾಕಿದ್ದೆ. ಬೊಲೆರೊ ಹೊರಡುವಾಗ, ನಿಲ್ಲುವಾಗ ಟಕ್ ಟಕ್ ಅಂತ ಜಗ್ಗಾಟ. ಹತ್ತು ದಿನದಲ್ಲಿ ತೂತು ಮೊಟ್ಟೆಯ ಆಕಾರ ಆಯಿತು. ಈಗ ಒಂದು ಅಡಿ ಅಂತರದಲ್ಲಿ ಎರಡು ಪಿನ್, ತೂತಿನ ಸುತ್ತ 8 ಎಂಎಂ ಪ್ಲೇಟ್. ಬೀಳದ ಹಾಗೆ ಎರಡಕ್ಕೂ ಕ್ಲಿಪ್.

ಉದ್ದ ಮಾಡುವುದು ಹೀಗೆ: ಇಳಿಜಾರಿನ ಮೇಲಿನ ಮಟ್ಟಸ ಜಾಗದಲ್ಲಿ ಟ್ರೈಲರ್ ಚಕ್ರಕ್ಕೆ ಮರದ ಬೆಣೆ ಕೊಡುವುದು, ಪಿನ್ ತೆಗೆಯುವುದು, ಬೊಲೆರೊ ನಾಲ್ಕು ಅಡಿ ಮುಂದೆ ಹೋಗುವುದು, ಪಿನ್ ಹಾಕುವುದು. ಇದನ್ನು ಇಳಿಜಾರಿನಲ್ಲಿ ಮಾಡಬೇಡಿ. ಉದ್ದ ಮಾಡಿದ ಮೂಕಿಯಲ್ಲಿ ರಸ್ತೆಗೂ ಹೋಗಬೇಡಿ. ಒಂದು ಲಾಭ ಎಣಿಸಿರಲೇ ಇಲ್ಲ. ಮೂಕಿ ಉದ್ದ ಆದಾಗ ರಿವರ್ಸ್ ಹೋಗುವುದು ಬಹಳ ಸುಲಭ. ಟ್ರೈಲರ್ ನಿಧಾನವಾಗಿ ತಿರುಗುತ್ತದೆ, ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ಮಾರನೇ ದಿನ ಹುಣ್ಣಿಮೆ. ಭರತ ಜೋರಾಗಿತ್ತು, ಇಳಿತವೂ ಅಷ್ಟೇ ಜೋರು. ಕೆಲಸದಿಂದ ಅರ್ಧ ದಿನ ರಜೆ ಹಾಕಿ ಬೊಲೆರೊ, ಖಾಲಿ ಟ್ರೈಲರ್ ಒಯ್ದು ನೋಡಿದೆ. ಮೊದಲು ನಮಗೆ ಭರತದ ನೆತ್ತಿಯ ಒಂದು ಗಂಟೆ ಮಾತ್ರ ಸಿಗುತ್ತಿತ್ತು. ಈಗ ಮೂರು ಗಂಟೆ ಆರಾಮಾಗಿ ಸಿಗುತ್ತದೆ.

ಜನವರಿ 19: ಗುರುತು ಕಂಬ, ಲೈಟು

ಟ್ರೈಲರ್ ನೀರೊಳಗೆ ಹೋದರೆ ಕಾಣುವುದಿಲ್ಲ. ಹೊಳೆಯ ಸೆಳವು ದೋಣಿಯ ಹಿಂಭಾಗವನ್ನು ಪಕ್ಕಕ್ಕೆ ಒಯ್ಯುತ್ತದೆ. ಅದಕ್ಕೆ ಟ್ರೈಲರಿನ ಹಿಂದಿನ ಎರಡೂ ಮೂಲೆಗೆ ನಾಲ್ಕೂವರೆ ಅಡಿ ಎತ್ತರದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ನಿಲ್ಲಿಸಿ, ಮೇಲೆ ಬಿಳಿ ಪಿವಿಸಿ ಪೈಪ್ ತೊಡಿಸಿದೆ. ದೋಣಿಗೂ ಕಂಬಕ್ಕೂ ಒಂದೊಂದು ಇಂಚು ಸಂದು ಬಿಟ್ಟಿದ್ದು ಸಾಲಲಿಲ್ಲ. ಗಾಳಿ ಬೀಸಿದಾಗ ದೋಣಿ ಓರೆಯಾಗಿ ಬಂದು ಸಿಕ್ಕಿಕೊಂಡಿತು. ಎರಡು ಇಂಚು ಬೇಕು.

ಜಿಐ ಪೈಪಿನ ಮೇಲಿನ ಸತುವಿನ ಪದರ ಉಜ್ಜದೆ ವೆಲ್ಡ್ ಮಾಡಿದ್ದು ದೊಡ್ಡ ತಪ್ಪು. ಬಿಳಿ ಹೊಗೆ ಬಂತು. ವೆಲ್ಡಿಂಗ್ ಹುಡುಗನಿಗೆ ರಾತ್ರಿ ಚಳಿ ಜ್ವರ. ಎರಡನೇ ದಿನ ಇಳಿಯಿತು. ಆ ಹೊಗೆ ವಿಷ ಅಂತ ನನಗೆ ಗೊತ್ತಿತ್ತು, ಹೇಳಲು ಮರೆತೆ. ಉಜ್ಜಿ ತೆಗೆದು, ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡಿಸಿ.

ಹಿಂದಿನ ಲೈಟುಗಳನ್ನು ಒಂದು ಹಲಗೆಗೆ ಹಾಕಿ ದೋಣಿಯ ಹಿಂದೆ ನೇತು ಹಾಕುವ ಹಾಗೆ ಮಾಡಿದೆ, 750 ರೂಪಾಯಿ. ನೀರಿಗೆ ಹೋಗುವ ಮೊದಲು ಬಿಚ್ಚಿ ಗಾಡಿಯೊಳಗೆ.

ಜನವರಿ 26: ಬೇರಿಂಗ್

ಮನೆಗೆ ಬಂದಾಗ ಬಲಚಕ್ರದ ನಡುವಿನ, ಬೇರಿಂಗ್ ಕೂರುವ ಹಬ್ ಮುಟ್ಟಲಾಗದಷ್ಟು ಬಿಸಿ. ಬಿಚ್ಚಿದರೆ ಗ್ರೀಸ್ ಹಾಲಿನ ಕೆನೆಯ ಹಾಗೆ ಬಿಳಿ. ನೀರು ಸೇರಿದೆ. ರಸ್ತೆಯಲ್ಲಿ ಬಿಸಿಯಾದ ಹಬ್ಬನ್ನು ತಕ್ಷಣ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಒಳಗೆಳೆಯುತ್ತದೆ. ಎರಡೂ ಚಕ್ರಕ್ಕೆ ಒಳಗೆ 30206, ಹೊರಗೆ 30205 ಬೇರಿಂಗ್, ಹೊಸ ಸೀಲ್, ನೀರಿಗೆ ತೊಳೆದು ಹೋಗದ ಗ್ರೀಸ್. 2,150 ರೂಪಾಯಿ. ಈಗ ಕಡವಿಗೆ ಹೋದ ಮೇಲೆ 20 ನಿಮಿಷ ಕಾಯುತ್ತೇವೆ. ಆ ಹೊತ್ತಿನಲ್ಲೇ ಬಲೆ, ಟ್ಯಾಂಕು, ಮೂಕಿ ಎಲ್ಲಾ ಸಿದ್ಧ ಮಾಡಿಕೊಳ್ಳುವುದು. ಮನೆಗೆ ಬಂದ ಕೂಡಲೇ ಬಾವಿ ನೀರಿನಲ್ಲಿ ಚಕ್ರ, ಸ್ಪ್ರಿಂಗ್ ತೊಳೆಯುತ್ತೇವೆ.

ಪೈಪಿನ ಒಳಗೆ ಸೇರುವ ಉಪ್ಪುನೀರೂ ಅಷ್ಟೇ ಕೆಟ್ಟದು. ಪ್ರತಿ ಪೈಪಿನ ತಗ್ಗಿನ ಜಾಗದಲ್ಲಿ 12 ಎಂಎಂ ತೂತು ಕೊರೆದೆ. ಮೊದಲ ತೂತಿನಿಂದಲೇ ಒಂದು ಚೊಂಬು ಕೆಂಪು ನೀರು ಸುರಿಯಿತು. ಮೂರು ವರ್ಷದಿಂದ ಅಲ್ಲೇ ಕೂತಿದ್ದ ನೀರು. ತುಕ್ಕು ಉಜ್ಜಿ ಸತುವಿನ ಪ್ರೈಮರ್, ಮೇಲೆ ಎಪಾಕ್ಸಿ ಬಣ್ಣ, 1,950.

ಫೆಬ್ರವರಿ 2: ಕಾಂಕ್ರೀಟ್ ಮುಗಿಯುವ ಜಾಗ

ಮೂಕಿ ಉದ್ದ ಇದೆ ಅನ್ನುವ ಧೈರ್ಯದಲ್ಲಿ ಇಳಿತದಲ್ಲೇ ಹಿಂದೆ ಹೋದೆ. ಎಡಚಕ್ರ ಧೊಪ್ ಅಂತ ಕಾಂಕ್ರೀಟಿನ ತುದಿ ದಾಟಿ ಕೆಸರಿಗೆ ಬಿತ್ತು. ಒಂದು ಅಡಿ ತಗ್ಗು. ಎಳೆದರೆ ಆಕ್ಸಲ್ ಕಾಂಕ್ರೀಟಿಗೆ ಸಿಕ್ಕಿಕೊಳ್ಳುತ್ತದೆ. ಜೋರು ಮಾಡದೆ ಸುಮ್ನೆ ಕೂತೆವು. ಎರಡೂವರೆ ಗಂಟೆಗೆ ನೀರು ಏರಿ, ದೋಣಿ ತೇಲಿ, ಟ್ರೈಲರ್ ಹಗುರವಾಯಿತು. ಆಗ ಚಕ್ರದ ಅಡಿಗೆ ಹಲಗೆ ಕೊಟ್ಟು ನಿಧಾನ ತೆಗೆದೆವು. ಈಗ ಕಡವಿನ ಪಕ್ಕದ ಗೋಡೆಗೆ ಬಿಳಿ ಬಣ್ಣದ ಗುರುತು ಇದೆ. ಬೊಲೆರೊದ ಮುಂದಿನ ಬಾಗಿಲು ಅದಕ್ಕೆ ಸರಿಯಾಗಿ ಬಂದರೆ ಅಲ್ಲಿಗೆ ನಿಲ್ಲಿಸಬೇಕು.

ಫೆಬ್ರವರಿ 16: ಇಬ್ಬರೇ

ಇವತ್ತು ನಾನು ಮತ್ತು ಪಿಯುಸಿ ಓದುವ ಮಗಳು ಮಾತ್ರ ದೋಣಿ ಇಳಿಸಿದೆವು. ಅಪ್ಪಯ್ಯ ಮೇಲಿನ ಕಟ್ಟೆಯಲ್ಲಿ ಕೂತು ನೋಡುತ್ತಿದ್ದರು. ಗಾಡಿ ಹಿಂದೆ ಬರಲು ಶುರುವಾದಲ್ಲಿಂದ ದೋಣಿ ತೇಲುವ ತನಕ 6 ನಿಮಿಷ. ಸಂಜೆ ಹತ್ತಿಸಲು 11 ನಿಮಿಷ. ಮೂತಿಯನ್ನು ಎರಡು ಕಂಬಗಳ ನಡುವೆ ತಂದು, ಕೊಕ್ಕೆ ಹಾಕಿ, ಮಗಳು ವಿಂಚ್ ತಿರುಗಿಸಿದಳು. ವಿಂಚಿನ ಹಲ್ಲು ಕಚ್ಚುವ ಟಿಕ್ ಟಿಕ್ ಸದ್ದು ನಿಲ್ಲದ ಹಾಗೆ ನೋಡಿಕೊಳ್ಳಬೇಕು ಅಂತ ಹೇಳಿಕೊಟ್ಟಿದ್ದೆ. ಆ ಸದ್ದು ಇಲ್ಲದೆ ಹಿಡಿ ಬಿಟ್ಟರೆ ಅದು ಗಿರ್ರನೆ ತಿರುಗಿ ಮಣಿಕಟ್ಟಿಗೆ ಹೊಡೆಯುತ್ತದೆ. ಒಬ್ಬರೂ ದೋಣಿಗೆ ಹೆಗಲು ಕೊಡಲಿಲ್ಲ. ಬೊಲೆರೊದ ಚಕ್ರ ಒಣಗಿಯೇ ಇತ್ತು.

ಒಟ್ಟು ಖರ್ಚು 31,600 ರೂಪಾಯಿ. ಮೇಲೆ ಬರೆಯದೆ ಉಳಿದದ್ದು ಕಬ್ಬಿಣ 68 ಕೆಜಿಗೆ 5,100, ವೆಲ್ಡಿಂಗ್ ನಾಲ್ಕು ದಿನಕ್ಕೆ 5,200, ಸ್ಟೇನ್‌ಲೆಸ್ ರಾಡ್ ಮತ್ತು ಬೋಲ್ಟುಗಳಿಗೆ 2,200. ಇದರಲ್ಲಿ ನನ್ನ ತಪ್ಪುಗಳಿಗೆ ಹೋದದ್ದು 2,900. ಪಿವಿಸಿ ಉರುಳೆ, ನಾರಿನ ಚಾಪೆ, ಮತ್ತೆ ಕೊರೆಸಿದ ತೂತು, ಒಡೆದ ಮೂಲೆ. ದುಡ್ಡು ಕಡಿಮೆ ಇದ್ದವರು ವಿಂಚ್ ಮತ್ತು ಉರುಳೆ ಮೊದಲು ಮಾಡಿಸಿ. ಮೂಕಿ ಆಮೇಲೆ ಆದರೂ ನಡೆಯುತ್ತದೆ.

ಬಾಕಿ ಇರುವುದು ಎರಡು. ಮಳೆಗೆ ಮೊದಲು ಎರಡೂ ಹಬ್ ಬಿಚ್ಚಿ ಗ್ರೀಸಿನ ಬಣ್ಣ ನೋಡಬೇಕು. ದೋಣಿಗೆ ಹತ್ತಲು ಟ್ರೈಲರಿನ ಮೂಕಿಯ ಪಕ್ಕಕ್ಕೆ ಒಂದು ಮೆಟ್ಟಿಲು ವೆಲ್ಡ್ ಮಾಡಿಸಬೇಕು, ನೆಲದಿಂದ 14 ಇಂಚು ಎತ್ತರಕ್ಕೆ. ಅಪ್ಪಯ್ಯನ ಮೊಣಕಾಲು ಅಷ್ಟು ಮಾತ್ರ ಮಡಚುತ್ತದೆ, ಅಳೆದು ನೋಡಿದ್ದೇನೆ. ಬೆಳಿಗ್ಗೆ ಅವರು ಕಾಲಿಗೆ ನೀರು ತಾಗಿಸದೆ ಮೂತಿಯಿಂದಲೇ ದೋಣಿ ಹತ್ತಿದರು. ಹತ್ತಿ ಕೂತ ಮೇಲೆ ಬೆಲ್ಟು, ಉರುಳೆ, ಮೂಕಿ ಎಲ್ಲಾ ಒಂದು ಸಲ ನೋಡಿದರು. "ಅಡ್ಡಿಲ್ಲೆ" ಅಂದರು. ಮಧ್ಯಾಹ್ನಕ್ಕೆ ಏಳು ಕಾಣೆ ಮೀನು ಸಿಕ್ಕಿದವು.